ಅಶನಿಯೂ ವಿದ್ಯುತ್ತೂ: ದಕ್ಷಿಣ ಬೆಂಗಳೂರಿನ ಮನೆಗಳಲ್ಲಿ ಸಿಡಿಲಿಗೆ ದೀಪವಾರುವ ವಿಚಾರ

ಬೆಂಗಳೂರಿನ ದಕ್ಷಿಣಭಾಗದಲ್ಲಿರುವ ಜಯನಗರ, ಜೆ. ಪಿ. ನಗರ, ಬನಶಂಕರಿ, ಬಿ. ಟಿ. ಎಂ. ಬಡಾವಣೆ ಮುಂತಾದೆಡೆಗಳಲ್ಲಿ ವಾಸಮಾಡುವವರೆಲ್ಲರಿಗೂ ಅನುಭವಸಿದ್ಧವಾದ ಸಂಗತಿಯೊಂದುಂಟು. ಭರಣಿ ಕೃತ್ತಿಕೆಗಳ ಮಳೆಯು ಕವಿದು ಬಂದು ಸಮೀಪದಲ್ಲೆಲ್ಲಿಯೋ ಸಿಡಿಲು ಬಡಿದೊಡನೆಯೇ ಮನೆಯ ದೀಪಗಳು ಆರಿಹೋಗುತ್ತವೆ. ಬೀದಿಯ ದೀಪವು ಉರಿಯುತ್ತಲೇ ಇರುವುದು, ನೆರೆಮನೆಯಲ್ಲಿಯೂ ಬೆಳಕಿರುವುದು, ಕತ್ತಲೆಯು ತಮ್ಮ ಮನೆಗೆ ಮಾತ್ರ. ಗೃಹಸ್ಥನು ಬಾಗಿಲ ಬಳಿಯ ಪೆಟ್ಟಿಗೆಯನ್ನು ತೆರೆದು ನೋಡಿದರೆ ಸನ್ನೆಯ ಕಡ್ಡಿಯೊಂದು ಕೆಳಕ್ಕೆ ಬಿದ್ದಿರುವುದು. ಅದನ್ನು ಮೇಲಕ್ಕೆತ್ತಿದೊಡನೆ ಎಲ್ಲವೂ ಯಥಾಪ್ರಕಾರವಾಗುವುದು. ಇದನ್ನು ಜನರು ‘ಟ್ರಿಪ್ಪಾಯಿತು’ ಎಂದು ವ್ಯವಹರಿಸುವರು; ಎರಡು ಮೂರು ವರ್ಷ ಹೀಗೆ ನಡೆದ ಮೇಲೆ ‘ಈ ಬ್ರೇಕರು ಕೆಟ್ಟಿದೆ, ತೆಗೆದುಹಾಕಿರಿ’ ಎಂದು ಕೆಲಸಗಾರನಿಗೆ ಹೇಳುವರು. ಈ ಮಾತು ಸಾಧುವೇ ಅಲ್ಲವೇ ಎಂಬುದನ್ನು ನಿರ್ಣಯಿಸಬೇಕಾದರೆ ಯಂತ್ರಶಾಸ್ತ್ರವೊಂದೇ ಸಾಲದು. ಈ ಸಂಗತಿಯ ಚರಿತ್ರೆಯನ್ನೂ ತಿಳಿಯಬೇಕು. ಆದಕಾರಣ ಅದನ್ನು ಇಲ್ಲಿ ವಿಚಾರಿಸಲು ಉದ್ದೇಶಿಸಿದ್ದೇನೆ.

ಮೊದಲು ಶಬ್ದವಿಚಾರ. ಪಾಶ್ಚಾತ್ಯರು ಈ ಶಕ್ತಿಗೆ ಹೆಸರಿಟ್ಟದ್ದು ಗ್ರೀಕರ ಭಾಷೆಯಲ್ಲಿ ಅಂಬರಿಗಿರುವ ಶಬ್ದದಿಂದ. ಉಜ್ಜಿದ ಅಂಬರು ಹುಲ್ಲುಕಡ್ಡಿಯನ್ನು ಸೆಳೆಯುವುದೆಂಬುದೇ ಅವರಿಗೆ ಮೊದಲು ತೋರಿದ ಲಕ್ಷಣ. ನಮ್ಮವರಾದರೋ ಅದನ್ನು ಆಕಾಶದ ಮಿಂಚಿನ ಹೆಸರಿನಿಂದಲೇ ಕರೆದು ‘ವಿದ್ಯುತ್’ ಎಂದರು. ಇದು ಒಳ್ಳೆಯ ಹೆಸರೇ ಸರಿ. ಆದರೆ ಇದರಿಂದ ‘ವಿದ್ಯುತ್ತಿನಿಂದ ವಿದ್ಯುತ್ತು ಹೋಯಿತು’ ಎಂಬ ವಿರೋಧಾಭಾಸದ ವಾಕ್ಯವನ್ನು ಪ್ರತಿವರ್ಷವೂ ನುಡಿಯಬೇಕಾಗಿ ಬಂದಿದೆ. ಪ್ರಾಚೀನರಿಗೆ ಈ ತೊಡಕಿರಲಿಲ್ಲ. ಅವರು ಬೆಳಗುವುದನ್ನೂ ಬಡಿಯುವುದನ್ನೂ ಬೇರೆ ಬೇರೆಯಾಗಿ ಎಣಿಸಿದ್ದರು. ಅಮರಸಿಂಹನು ವಿದ್ಯುತ್, ತಡಿತ್, ಸೌದಾಮನೀ, ಚಂಚಲಾ ಮುಂತಾದ ಮಿಂಚಿನ ಹೆಸರುಗಳನ್ನು ದಿಗ್ವರ್ಗದಲ್ಲಿ ಹೇಳಿ, ಅಶನಿ, ಕುಲಿಶ, ದಂಭೋಳಿ ಮುಂತಾದುವನ್ನು ಸ್ವರ್ಗವರ್ಗದಲ್ಲಿ ಇಂದ್ರನ ಆಯುಧದ ಹೆಸರುಗಳಾಗಿ ಇಟ್ಟಿದ್ದಾನೆ. ‘ಹ್ರಾದಿನೀ’ ಎಂಬುದೊಂದು ಶಬ್ದವು ಮಾತ್ರ ಎರಡು ಕಡೆಯಲ್ಲಿಯೂ ಕಾಣುವುದು. ಹ್ರಾದವೆಂದರೆ ಧ್ವನಿಯಾದುದರಿಂದ ಬೆಳಕಿಗೂ ಪೆಟ್ಟಿಗೂ ನಡುವಣ ಗರ್ಜನೆಯು ಎರಡಕ್ಕೂ ಸೇರಿತೆಂದು ತೋರುವುದು. ವರಾಹಮಿಹಿರನು ಬೃಹತ್ಸಂಹಿತೆಯ ಉಲ್ಕಾಲಕ್ಷಣಾಧ್ಯಾಯದಲ್ಲಿ ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದು ಭೇದಗಳನ್ನು ಹೇಳಿ, ಮಹಾಧ್ವನಿಯೊಡನೆ ಚಕ್ರದಂತೆ ತಿರುಗುತ್ತ ಮನುಷ್ಯರ ಮೇಲೆಯೂ ಆನೆಕುದುರೆಗಳ ಮೇಲೆಯೂ ಮನೆಮರಗಳ ಮೇಲೆಯೂ ಬಿದ್ದು ನೆಲವನ್ನು ಸೀಳುವುದು ಅಶನಿಯೆಂದು ವಿವರಿಸುತ್ತಾನೆ. ಕನ್ನಡವು ಇನ್ನೂ ಸ್ಪಷ್ಟವಾಗಿದೆ: ಮಿಂಚು, ಗುಡುಗು, ಸಿಡಿಲು ಎಂಬ ಮೂರು ಮಾತುಗಳಲ್ಲಿ ಕಣ್ಣಿಗೊಂದು, ಕಿವಿಗೊಂದು, ಮೈಗೊಂದು ಹಂಚಿಕೊಟ್ಟಂತಿದೆ. ‘ಸಿಡಿ’ ಧಾತುವಿನಿಂದ ಬಂದ ಸಿಡಿಲು ಮಳೆಯಿಲ್ಲದೆ ಬಂದರೆ ಬರಸಿಡಿಲು. ನಮ್ಮ ಪ್ರಕೃತವಿಷಯಕ್ಕೆ ಬೇಕಾದುದು ಈ ಸಿಡಿಲೇ ಹೊರತು ಮಿಂಚಲ್ಲ. ಆದರೆ ಮುಂದೆ ಕಾಣುವಂತೆ, ಸಿಡಿಲು ಮನೆಯನ್ನು ಮುಟ್ಟದೆಯೂ ಮನೆಯ ದೀಪವನ್ನು ಆರಿಸಬಲ್ಲುದು. ಇದು ವರಾಹಮಿಹಿರನ ಐದು ಭೇದಗಳಲ್ಲಿ ಯಾವುದಕ್ಕೂ ಸೇರದ ಹೊಸ ಸಂಗತಿ.

ಸಿಡಿಲಿನ ಕಾಲದಲ್ಲಿ ನಡೆಯುತ್ತಿರುವ ಕೆಲಸವನ್ನು ನಿಲ್ಲಿಸಬೇಕೆಂಬುದು ನಮ್ಮಲ್ಲಿ ಹೊಸ ಭಾವನೆಯಲ್ಲ. ಧರ್ಮಶಾಸ್ತ್ರಕಾರರು ಮಿಂಚುಗುಡುಗುಮಳೆಗಳು ಕೂಡಿದಾಗ ವೇದಪಾಠಕ್ಕೆ ಅನಧ್ಯಾಯವನ್ನು ವಿಧಿಸಿದ್ದಾರೆ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಇದು ವಿಸ್ತಾರವಾಗಿ ಉಕ್ತವಾಗಿದೆ. ಅಲ್ಲಿ ಗಮನಿಸತಕ್ಕ ವಿಶೇಷವೇನೆಂದರೆ, ಋತುವಿನಲ್ಲಿ ಬರುವ ಮೇಘಕ್ಕೂ ಅಕಾಲದಲ್ಲಿ ಬರುವ ಮೇಘಕ್ಕೂ ಭೇದವನ್ನು ಕಲ್ಪಿಸಿರುವುದು. ಗುಡುಗಿದಾಗಲೆಲ್ಲ ಪಾಠವನ್ನು ಬಿಡುವುದಾದರೆ ಮಳೆಗಾಲದಲ್ಲಿ ವಿದ್ಯೆಯೇ ನಡೆಯದು. ಎಂದಿಗೂ ಬಿಡದಿದ್ದರೆ ನಿಷೇಧಕ್ಕೆ ಅರ್ಥವಿಲ್ಲ. ಯಾವ ಗುಡುಗಿಗೆ ನಿಲ್ಲಬೇಕು, ಯಾವುದಕ್ಕೆ ನಿಲ್ಲಬಾರದು ಎಂಬ ಈ ವಿವೇಚನೆಯೇ ಈಗಿನ ಬ್ರೇಕರುಗಳನ್ನು ಮಾಡುವವರನ್ನೂ ಕಾಡಿದೆ. ಗುಡುಗಿದಾಗ ಅರ್ಜುನನ ದಶನಾಮಗಳನ್ನು ಹೇಳುವ ಪದ್ಧತಿಯು ನಮ್ಮ ಮನೆಗಳಲ್ಲಿ ಇಂದಿಗೂ ಉಂಟು. ಸಿಡಿಲು ರಾಜಗೃಹವನ್ನೂ ಬಿಡದೆಂಬುದಕ್ಕೆ ಮೈಸೂರಿನ ಹಳೆಯ ಅರಮನೆಯೇ ಸಾಕ್ಷಿ. ೧೬೩೮ರಲ್ಲಿ ಅದಕ್ಕೆ ಸಿಡಿಲು ಬಡಿಯಿತೆಂದೂ ಕಂಠೀರವ ನರಸರಾಜ ಒಡೆಯರವರು ಅದನ್ನು ಮರಳಿ ಕಟ್ಟಿಸಿದರೆಂದೂ ಪ್ರಸಿದ್ಧಿ.

ಸಿಡಿಲು ವಿದ್ಯುತ್ತೇ ಎಂಬುದನ್ನು ಪ್ರಯೋಗದಿಂದ ಸ್ಥಾಪಿಸಿದವರು ಹದಿನೆಂಟನೆಯ ಶತಮಾನದವರು. ಫ್ರಾಂಕ್ಲಿನನ ಸೂಚನೆಯ ಪ್ರಕಾರ ೧೭೫೨ರ ಮೇ ತಿಂಗಳಿನಲ್ಲಿ ಫ್ರಾನ್ಸಿನಲ್ಲಿ ಕಬ್ಬಿಣದ ಸಲಾಕೆಯಿಂದ ಮೇಘದ ವಿದ್ಯುತ್ತನ್ನು ಇಳಿಸಿದರು. ಮರುವರ್ಷವೇ ಪೀಟರ್ಸ್‌ಬರ್ಗಿನಲ್ಲಿ ರಿಖ್‌ಮನ್ನನೆಂಬ ವಿದ್ವಾಂಸನು ಇದೇ ಪ್ರಯೋಗವನ್ನು ಮಾಡುತ್ತ ಸಿಡಿಲಿಗೆ ಆಹುತಿಯಾದನು. ಅವನ ಸಲಾಕೆಗೆ ಭೂಮಿಯ ಸಂಬಂಧವಿರಲಿಲ್ಲ. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಪ್ರಾರ್ಥನೆ. ಲೇಖನದ ಕೊನೆಯಲ್ಲಿ ಇದರ ಪ್ರಯೋಜನವುಂಟು. ಬೆಂಗಳೂರಿಗೆ ತಂತಿಯೆಂಬುದು ಮೊದಲು ಬಂದದ್ದು ೧೮೫೦ರ ದಶಕದಲ್ಲಿ, ಟೆಲಿಗ್ರಾಫಿನ ರೂಪದಲ್ಲಿ. ಅದನ್ನು ಹಿಂದೂದೇಶದಲ್ಲಿ ಸ್ಥಾಪಿಸಿದ ಓಷಾನೆಸ್ಸಿಯು ಅದಕ್ಕೆ ಮೊದಲೇ ಕಲ್ಕತ್ತೆಯಲ್ಲಿ ಮದ್ದಿನ ಮನೆಗಳಿಗೆ ಸಿಡಿಲುಸಲಾಕೆಯನ್ನು ಹಾಕುವುದು ಕ್ಷೇಮವೇ ಅಪಾಯವೇ ಎಂಬ ವಾದದಲ್ಲಿ ತೊಡಗಿದ್ದವನು.

ಇನ್ನು ದೀಪದ ಚರಿತ್ರೆ. ಕಾವೇರಿಯ ಶಿವನಸಮುದ್ರದ ಜಲಪಾತದಿಂದ ವಿದ್ಯುಚ್ಛಕ್ತಿಯನ್ನು ಪಡೆಯುವ ಯೋಜನೆಯು ದಿವಾನ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ ಕೈಗೂಡಿತು. ಅದರ ಎಂಜಿನಿಯರು ಜೋಲಿ ಡಿ ಲಾಟ್‌ಬಿನಿಯರ್ ಎಂಬವರು. ೧೯೦೨ರ ಜೂನ್ ೩೦ರಂದು ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯು ಹರಿಯಿತು. ಶೇಷಾದ್ರಿ ಅಯ್ಯರವರು ಅದನ್ನು ನೋಡಲಿಲ್ಲ. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿಯೇ ಅವರು ದೈವಾಧೀನರಾಗಿದ್ದರು. ಸುಮಾರು ೯೨ ಮೈಲಿಗಳ ಆ ತಂತಿಮಾರ್ಗವು ಆ ಕಾಲಕ್ಕೆ ಲೋಕದಲ್ಲಿಯೇ ಅತಿದೀರ್ಘವಾದವುಗಳಲ್ಲಿ ಒಂದು. ೧೯೦೫ರ ಆಗಸ್ಟಿನಲ್ಲಿ ಬೆಂಗಳೂರು ನಗರದ ಬೀದಿಗಳಲ್ಲಿ ಅದೇ ಶಕ್ತಿಯಿಂದ ದೀಪಗಳು ಬೆಳಗಿದುವು. ಬಯಲುಸೀಮೆಯ ಕಲ್ಲುಗುಡ್ಡಗಳನ್ನೂ ಹೊಲಗಳನ್ನೂ ದಾಟಿ ಕಂಬದಿಂದ ಕಂಬಕ್ಕೆ ಬರುವ ಇಂತಹ ತಂತಿಗೆ ಸಿಡಿಲೇ ಮುಖ್ಯ ಶತ್ರುವೆಂಬುದು ಆ ಕಾಲದ ಎಲ್ಲ ದೇಶಗಳ ಎಂಜಿನಿಯರುಗಳಿಗೂ ಗೊತ್ತಿದ್ದ ವಿಷಯ. ಈ ಮೊದಲನೆಯ ಅವಸ್ಥೆಯ ಲಕ್ಷಣವನ್ನು ಗಮನಿಸಬೇಕು: ದೂರದಲ್ಲೆಲ್ಲಿಯೋ ತಂತಿಗೆ ಪೆಟ್ಟು ಬಿದ್ದರೆ ಪೇಟೆಗೆ ಪೇಟೆಯೇ ಕತ್ತಲಾಗುವುದು, ಒಂದು ಮನೆಗೆ ಒಂದು ಕತ್ತಲೆ ಎಂಬುದಿಲ್ಲ. ಸಂಪರ್ಕವು ಕಡಿಯುವ ಸ್ಥಾನವು ಗೃಹಸ್ಥನ ಕಣ್ಣಿಗೆ ಬೀಳದಷ್ಟು ದೂರದಲ್ಲಿದ್ದಿತು.

ಜಯನಗರಕ್ಕೆ ೧೯೪೮ರಲ್ಲಿ ಗವರ್ನರ್ ಜನರಲ್ ರಾಜಗೋಪಾಲಾಚಾರ್ಯರು ಅಸ್ತಿಭಾರವನ್ನು ಹಾಕಿದರು. ಅದನ್ನು ರಚಿಸಿದ ನಗರಾಭಿವೃದ್ಧಿ ಟ್ರಸ್ಟ್ ಮಂಡಲಿಯು ೧೯೪೫ರಲ್ಲಿ ಏರ್ಪಟ್ಟಿದ್ದಿತು; ೧೯೭೬ರಲ್ಲಿ ಅದರ ಸ್ಥಾನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಬಂದಿತು. ಬನಶಂಕರಿಯೂ, ಜಯಪ್ರಕಾಶ ನಾರಾಯಣರ ಹೆಸರಿನ ಜೆ. ಪಿ. ನಗರವೂ, ಬೈರಸಂದ್ರ ತಾವರೆಕೆರೆ ಮಡಿವಾಳಗಳ ಮೊದಲ ಅಕ್ಷರಗಳಿಂದ ಹೆಸರಾದ ಬಿ. ಟಿ. ಎಂ. ಬಡಾವಣೆಯೂ ಆಮೇಲೆ ಬೆಳೆದುವು. (ಮೂರು ಊರುಗಳ ಹೆಸರನ್ನು ಮೂರು ಇಂಗ್ಲಿಷ್ ಅಕ್ಷರಗಳಿಗೆ ಇಳಿಸಿದ ಈ ಪದ್ಧತಿಯು ಸ್ಥಳನಾಮಗಳ ಅಭ್ಯಾಸಿಗಳಿಗೆ ಮುಂದೆ ಎಷ್ಟು ಕಷ್ಟವನ್ನು ಕೊಡುವುದೋ ತಿಳಿಯದು.) ವಿದ್ಯುತ್ತಿನ ಆಡಳಿತವು ಮೈಸೂರು ಸಂಸ್ಥಾನದ ಇಲಾಖೆಯಿಂದ ೧೯೫೭ರಲ್ಲಿ ವಿದ್ಯುಚ್ಛಕ್ತಿ ಮಂಡಲಿಗೂ, ೧೯೯೯ರಲ್ಲಿ ಪ್ರಸರಣ ನಿಗಮಕ್ಕೂ, ನಗರದ ಮಟ್ಟಿಗೆ ೨೦೦೨ರಲ್ಲಿ ಬೆಸ್ಕಾಂ ಕಂಪೆನಿಗೂ ಕೈಸೇರಿತು.

ಜಯನಗರದ ಮೊದಲ ಮನೆಗಳಲ್ಲಿ ರಕ್ಷಣೆಯೆಂದರೆ ಫ್ಯೂಸು. ಮರದ ಹಲಗೆಯ ಮೇಲೆ ಬಿಳಿಯ ಪಿಂಗಾಣಿಯ ಬಟ್ಟಲು, ಅದರಲ್ಲಿ ಎರಡು ತಿರುಪುಗಳ ನಡುವೆ ಕೂದಲೆಳೆಯಂತಹ ತಂತಿ. ಪ್ರವಾಹವು ಮಿತಿಮೀರಿದರೆ ತಂತಿಯು ಕಾದು ಕರಗಿ ಸಂಬಂಧವು ಕಡಿಯುವುದು. ಇದು ಎರಡನೆಯ ಅವಸ್ಥೆ. ಕಡಿಯುವ ಸ್ಥಾನವು ಮನೆಯೊಳಕ್ಕೆ ಬಂದಿತು. ಆದರೆ ಫ್ಯೂಸಿಗೆ ತಿಳಿಯುವುದು ಶಾಖವೊಂದೇ. ಸಿಡಿಲಿನ ಅಲೆಯು ಸೆಕೆಂಡಿನ ಹತ್ತು ಲಕ್ಷದಲ್ಲಿ ಕೆಲವು ಹತ್ತು ಭಾಗಗಳಷ್ಟು ಕಾಲ ಮಾತ್ರ ಇರತಕ್ಕದ್ದು. ಅಷ್ಟು ಅಲ್ಪಕಾಲದಲ್ಲಿ, ಮನೆಯವರೆಗೆ ತಲಪುವ ಸಾಮಾನ್ಯವಾದ ಅಲೆಯಿಂದ ಫ್ಯೂಸಿನ ತಂತಿಯು ಕಾಯುವಂತಿಲ್ಲ. ಆದುದರಿಂದ ಹಿರಿಯರು ‘ನಮ್ಮ ಕಾಲದಲ್ಲಿ ಸಿಡಿಲಿಗೆ ಹೀಗೆ ದೀಪ ಹೋಗುತ್ತಿರಲಿಲ್ಲ’ ಎನ್ನುವುದು ಸತ್ಯವೇ. ದೀಪವು ಹೋಗುತ್ತಿರಲಿಲ್ಲ, ಆದರೆ ಬಲ್ಬು ರೇಡಿಯೋಗಳು ಸುಡುತ್ತಿದ್ದುವು, ಮತ್ತು ಒದ್ದೆಯಾದ ಗೋಡೆಯನ್ನೋ ಕಬ್ಬಿಣದ ಪೆಟ್ಟಿಗೆಯನ್ನೋ ಮುಟ್ಟಿದವರಿಗೆ ಷಾಕು ತಗಲಿದರೆ ಫ್ಯೂಸು ಅದನ್ನು ಅರಿಯುತ್ತಲೇ ಇರಲಿಲ್ಲ. ಇದರ ಮೇಲೆ, ಪದೇ ಪದೇ ಕರಗುವ ಫ್ಯೂಸಿಗೆ ಬೇಸತ್ತು ದಪ್ಪ ತಾಮ್ರದ ತಂತಿಯನ್ನು ಸುತ್ತಿಬಿಡುವ ದುರಭ್ಯಾಸವು ಬೀದಿಬೀದಿಯಲ್ಲಿಯೂ ಇದ್ದಿತು. ಬ್ರೇಕರನ್ನು ತೆಗೆಸುವ ಈಗಿನವರು ಆ ವಂಶದವರೇ.

ಮೂರನೆಯ ಅವಸ್ಥೆಯ ಬೀಜವು ಪರದೇಶಗಳಲ್ಲಿ ಬಿದ್ದುದು. ಮಿತಿಮೀರಿದ ಪ್ರವಾಹಕ್ಕೆ ತಾನಾಗಿ ಬಿದ್ದು ಮರಳಿ ಎತ್ತಬಹುದಾದ ಚಿಕ್ಕ ಬ್ರೇಕರಿಗೆ, ಅಂದರೆ ಎಂ. ಸಿ. ಬಿ.ಗೆ, ೧೯೨೪ರಲ್ಲಿ ಜರ್ಮನಿಯ ಮ್ಯಾನ್‌ಹೈಮಿನ ಹ್ಯೂಗೋ ಸ್ಟೋಟ್ಸನು ಪೇಟೆಂಟನ್ನು ಪಡೆದನು. ಇದು ಫ್ಯೂಸಿನ ಕೆಲಸವನ್ನೇ ಮಾಡತಕ್ಕದ್ದು. ನಮ್ಮ ವಿಷಯಕ್ಕೆ ಮುಖ್ಯವಾದುದು ಇನ್ನೊಂದು. ಅದನ್ನು ಜನರು ಆರ್. ಸಿ. ಸಿ. ಬಿ. ಎಂದೂ ಇ. ಎಲ್. ಸಿ. ಬಿ. ಎಂದೂ ಕರೆಯುವರು; ನಾನು ಸೋರಿಕೆಯ ಬ್ರೇಕರ್ ಎಂದು ವ್ಯವಹರಿಸುವೆನು. ಅದರ ಮರ್ಮವು ಶಾನುಭೋಗನ ಲೆಕ್ಕದಂತೆ: ಒಂದು ತಂತಿಯಿಂದ ಮನೆಯೊಳಕ್ಕೆ ಹೋದದ್ದೆಷ್ಟು, ಮತ್ತೊಂದರಿಂದ ಹಿಂದಕ್ಕೆ ಬಂದದ್ದೆಷ್ಟು ಎಂಬುದನ್ನು ಅದು ಪ್ರತಿಕ್ಷಣವೂ ಹೋಲಿಸುತ್ತಿರುವುದು. ಎರಡಕ್ಕೂ ವ್ಯತ್ಯಾಸ ಬಂದರೆ ನಡುವೆ ಯಾವನೋ ಅಪಹರಿಸುತ್ತಿದ್ದಾನೆ, ಅಂದರೆ ಪ್ರವಾಹವು ಮನುಷ್ಯನ ಮೈಯಿಂದಲೋ ಒದ್ದೆಗೋಡೆಯಿಂದಲೋ ಭೂಮಿಗೆ ಸೋರುತ್ತಿದೆ ಎಂದು ತಿಳಿದು ಸಂಬಂಧವನ್ನು ಕಡಿಯುವುದು. ಮನೆಗಳಲ್ಲಿ ಹಾಕುವುದಕ್ಕೆ ಆ ವ್ಯತ್ಯಾಸದ ಮಿತಿಯು ಒಂದು ಆಂಪಿಯರಿನ ಸಾವಿರದಲ್ಲಿ ಮೂವತ್ತು ಭಾಗ. ಮನುಷ್ಯನ ಹೃದಯವು ಸಹಿಸಬಲ್ಲ ಪ್ರವಾಹವನ್ನು ಅಮೆರಿಕೆಯ ಬರ್ಕ್ಲಿಯ ಚಾರ್ಲ್ಸ್ ಡಾಲ್ಜಿಯೆಲರು ಪ್ರಯೋಗಗಳಿಂದ ಅಳೆದ ಮೇಲೆ ಇಂತಹ ಮಿತಿಗಳು ಸ್ಥಿರವಾದುವು.

ಇಲ್ಲಿ ಚರಿತ್ರೆಯ ಒಂದು ಸೊಗಸಾದ ಸಾದೃಶ್ಯವು ತೋರುವುದು. ಬೆಂಗಳೂರಿಗೆ ದೀಪ ಬಂದದ್ದು ಚಿನ್ನದ ಗಣಿಯ ನಿಮಿತ್ತದಿಂದ. ಸೋರಿಕೆಯ ಸೂಕ್ಷ್ಮವಾದ ಬ್ರೇಕರ್ ಹುಟ್ಟಿದ್ದೂ ಚಿನ್ನದ ಗಣಿಯ ನಿಮಿತ್ತದಿಂದಲೇ. ದಕ್ಷಿಣ ಆಫ್ರಿಕದ ಗಣಿಗಳಲ್ಲಿ ಷಾಕಿನ ಅಪಾಯವನ್ನು ತಪ್ಪಿಸುವುದಕ್ಕಾಗಿ ಹೆನ್ರಿ ರೂಬಿನ್ ಎಂಬ ಎಂಜಿನಿಯರು ೧೯೫೫-೫೬ರಲ್ಲಿ ಇದನ್ನು ರಚಿಸಿದನು. ಸ್ಟಿಲ್‌ಫಾಂಟೀನ್ ಎಂಬ ಗಣಿಯ ಊರಿನಲ್ಲಿ ಒಬ್ಬ ಗೃಹಿಣಿಯು ಮನೆಯಲ್ಲಿ ವಿದ್ಯುತ್ತಿನಿಂದ ಮೃತಳಾದ ಮೇಲೆ ೧೯೫೭-೫೮ರಲ್ಲಿ ಅಲ್ಲಿಯ ಕೆಲವು ನೂರು ಮನೆಗಳಿಗೆ ಅದನ್ನು ಹಾಕಿದರು. ಗಣಿಯಿಂದ ಮನೆಗೆ ಅದು ಬಂದದ್ದು ಹೀಗೆ, ಒಂದು ಮರಣದ ಮೂಲಕ.

ಹಾಗಾದರೆ ಲೆಕ್ಕದಲ್ಲಿ ಇಷ್ಟು ನಿಪುಣನಾದ ಈ ಶಾನುಭೋಗನು ಸಿಡಿಲಿಗೇಕೆ ಬೆದರುವನು? ಸಿಡಿಲಿನಲ್ಲಿ ಹರಿಯುವ ಪ್ರವಾಹವು ಸಾಮಾನ್ಯವಾಗಿ ೩೦,೦೦೦ ಆಂಪಿಯರುಗಳ ಆಸುಪಾಸಿನದು. ಅದು ಅರ್ಧ ಮೈಲಿಯ ದೂರದಲ್ಲಿ ಬಿದ್ದರೂ ಬೀದಿಯ ತಂತಿಗಳಲ್ಲಿ ಒಂದು ಅಲೆಯನ್ನೆಬ್ಬಿಸುವುದು. ಆ ಅಲೆಯು ಹೋಗುವ ತಂತಿ, ಬರುವ ತಂತಿ ಎರಡರಲ್ಲಿಯೂ ಒಟ್ಟಿಗೆ ಮನೆಯನ್ನು ಪ್ರವೇಶಿಸಿ, ಗೋಡೆಯೊಳಗಿನ ತಂತಿಗಳ ಮತ್ತು ಟೆಲಿವಿಷನ್ ಕಂಪ್ಯೂಟರ್ ಮುಂತಾದ ಯಂತ್ರಗಳ ಮೂಲಕ ಭೂಮಿಗೆ ಇಳಿಯುವುದು. ಈಗಿನ ಯಂತ್ರಗಳಲ್ಲಿ ಗದ್ದಲವನ್ನು ಶೋಧಿಸುವುದಕ್ಕಾಗಿ ಭೂಮಿಯ ತಂತಿಗೆ ಸೇರಿಸಿದ ಚಿಕ್ಕ ಕೆಪಾಸಿಟರುಗಳಿರುತ್ತವೆ; ಅವು ಶಾಂತವಾದ ದಿನದಲ್ಲಿಯೂ ಅತ್ಯಲ್ಪವಾಗಿ ಸೋರುತ್ತಲೇ ಇರುವುವು, ಅಲೆ ಬಂದಾಗ ಬಾಗಿಲನ್ನೇ ತೆರೆಯುವುವು. ಒಳಗೆ ಹೋದದ್ದು ಹಿಂದಕ್ಕೆ ಬರಲಿಲ್ಲ; ಲೆಕ್ಕವು ತಪ್ಪಿತು; ಬ್ರೇಕರು ಬಿದ್ದಿತು. ಮನುಷ್ಯನ ಮೈಯಿಂದ ಸೋರಿದ್ದೋ ಮೇಘದಿಂದ ಬಂದದ್ದೋ ಎಂಬ ಭೇದವನ್ನು ಸಾಧಾರಣವಾದ ಬ್ರೇಕರು ಅರಿಯದು. ಇದು ದೋಷವೆಂದು ಹೇಳಲಾಗದು; ಈ ಬ್ರೇಕರುಗಳ ಅಂತಾರಾಷ್ಟ್ರೀಯ ಪ್ರಮಾಣಗ್ರಂಥವೇ ಸಿಡಿಲಿನಂತಹ ಅಲೆಯಿಂದ ಪರೀಕ್ಷಿಸುವಾಗ ಸಾಮಾನ್ಯ ಜಾತಿಯದು ಬೀಳಬಹುದೆಂದು ಒಪ್ಪಿಕೊಂಡಿದೆ. ಸ್ವಲ್ಪ ತಡೆದು ಬೀಳುವ ‘ಎಸ್’ ಜಾತಿಯದು ಮಾತ್ರ ೩,೦೦೦ ಆಂಪಿಯರಿನ ಅಲೆಗೂ ಬೀಳದೆ ನಿಲ್ಲಬೇಕು. ಅನೃತುವಿನ ಗುಡುಗಿಗೂ ಋತುವಿನ ಗುಡುಗಿಗೂ ಭೇದವನ್ನೆಣಿಸಿದ ಸ್ಮೃತಿಕಾರರ ಮಾರ್ಗದಲ್ಲಿ ನಡೆಯುವುದು ಈ ಎರಡನೆಯದು. ಆದರೆ ತಡೆದು ಬೀಳುವ ಕಾರಣದಿಂದಲೇ ಅದು ಮೈಯನ್ನು ನೇರವಾಗಿ ಕಾಯುವ ಕೆಲಸಕ್ಕೆ ಯೋಗ್ಯವಲ್ಲ; ಮನೆಯ ಮುಂಬಾಗಿಲಿನಲ್ಲಿ ಅದನ್ನಿಟ್ಟು, ಒಳಗಣ ಕವಲುಗಳಿಗೆ ಮೂವತ್ತು ಭಾಗದ ಸಾಮಾನ್ಯವಾದುವನ್ನು ಇಡುವುದು ತಜ್ಞರ ಸಂಪ್ರದಾಯ.

ಒಂದೇ ಬೀದಿಯಲ್ಲಿ ಒಂದು ಮನೆಗೆ ಕತ್ತಲೆ, ಮತ್ತೊಂದಕ್ಕೆ ಬೆಳಕು ಎಂಬ ಮೊದಲಿನ ಪ್ರಶ್ನೆಗೂ ಇದರಿಂದಲೇ ಉತ್ತರವು ದೊರೆಯುವುದು. ೧೯೫೬ರ ಭಾರತೀಯ ವಿದ್ಯುತ್ ನಿಯಮಗಳಿಗೆ ಆಮೇಲೆ ಸೇರಿದ ೬೧-ಎ ಎಂಬ ನಿಯಮವು ೫ ಕಿಲೋವಾಟು ಮತ್ತು ಅದಕ್ಕೆ ಮೇಲ್ಪಟ್ಟ ಭಾರವುಳ್ಳ ಸ್ಥಾಪನೆಗಳಿಗೆ ಸೋರಿಕೆಯ ರಕ್ಷಣೆಯನ್ನು ವಿಧಿಸಿತು. ಅದಕ್ಕೆ ಹಿಂದೆ ಕಟ್ಟಿದ ಚಿಕ್ಕ ಮನೆಯಲ್ಲಿ ಅದಿಲ್ಲ. ಅದನ್ನು ಕೆಡವಿ ಮೂರು ಅಂತಸ್ತು ಎತ್ತಿದ ಪಕ್ಕದ ಮನೆಯಲ್ಲಿ ಅದುಂಟು. ಹೀಗಾಗಿ ಕತ್ತಲಾಗುವುದು ಹೊಸ ಮನೆ, ಬೆಳಗುತ್ತಿರುವುದು ಹಳೆಯ ಮನೆ. ಇದನ್ನು ನೋಡಿ ಹಳೆಯದೇ ಮೇಲೆಂದು ತಿಳಿಯುವವರು ಉಂಟು. ನನ್ನ ಅಭಿಪ್ರಾಯವು ಇದಕ್ಕೆ ವಿರುದ್ಧವಾದುದು. ಬೆಳಗುತ್ತಿರುವ ಆ ಮನೆಯಲ್ಲಿ ಕಾವಲುಗಾರನೇ ಇಲ್ಲ.

ಈ ಮಾತನ್ನು ಲೆಕ್ಕದಿಂದ ತೋರಿಸಬಹುದು. ದಕ್ಷಿಣ ಬೆಂಗಳೂರಿನ ನೆಲವು ಕೆಂಪುಮಣ್ಣಿನ ತೆಳುವಾದ ಹೊದಿಕೆ. ಅದರ ಕೆಳಗೆ ಲಾಲ್‌ಬಾಗಿನ ಬಂಡೆಯಲ್ಲಿ ಕಣ್ಣಿಗೆ ಕಾಣುವ ನೈಸ್ ಶಿಲೆ. ಹಿಂದಿನವರು ಮನೆಯ ಪಕ್ಕದಲ್ಲಿ ಗುಂಡಿಯನ್ನು ತೋಡಿ, ಲೋಹದ ಕೊಳವೆಯನ್ನೋ ತಗಡನ್ನೋ ನಿಲ್ಲಿಸಿ, ಇದ್ದಲನ್ನೂ ಉಪ್ಪನ್ನೂ ಪದರಪದರವಾಗಿ ತುಂಬಿ, ಬೇಸಗೆಯಲ್ಲಿ ನೀರು ಹೊಯ್ಯುತ್ತಿದ್ದರು. ಇದೇ ‘ಅರ್ತ್’. ಕೆರೆಗಳು ಬತ್ತಿ, ಅಂತರ್ಜಲವು ಕೆಳಗಿಳಿದು, ಗುಂಡಿಯ ಮೇಲೆ ಸಿಮೆಂಟು ಬಿದ್ದ ಮೇಲೆ ಆ ಭೂಮಿಯ ಸಂಬಂಧವು ಕ್ಷೀಣಿಸಿತು. ಅದು ಅತಿ ಕ್ಷೀಣವಾಗಿರುವ ಕಾಲವೂ ಯಾವುದು? ನೆಲವು ಒಣಗಿ ಬಿರಿದ ಏಪ್ರಿಲ್ ಮೇ ತಿಂಗಳುಗಳು. ಬೆಂಗಳೂರಿನಲ್ಲಿ ಸಿಡಿಲು ಹೆಚ್ಚಾಗಿ ಬೀಳುವುದೂ ಆಗಲೇ. ಈಗ ಭೂಮಿಯ ತಡೆಯು ೨೦ ಓಮುಗಳೆಂದೂ, ನೀರು ಕಾಯಿಸುವ ಯಂತ್ರವೊಂದರ ಹೊರಮೈಗೆ ಜೀವತಂತಿಯು ತಗಲಿತೆಂದೂ ಭಾವಿಸೋಣ. ೨೩೦ ವೋಲ್ಟನ್ನು ೨೦ರಿಂದ ಭಾಗಿಸಿದರೆ ಭೂಮಿಗೆ ಹರಿಯುವುದು ಹನ್ನೊಂದೂವರೆ ಆಂಪಿಯರು. ೧೬ ಆಂಪಿಯರಿನ ಫ್ಯೂಸಾಗಲಿ ಎಂ. ಸಿ. ಬಿ. ಆಗಲಿ ಇದಕ್ಕೆ ಎಂದಿಗೂ ಕಡಿಯದು. ಯಂತ್ರದ ಮೈಯು ಪ್ರಾಣಾಪಹಾರಿಯಾಗಿ ಹಗಲುರಾತ್ರಿ ಕಾದುಕೊಂಡಿರುವುದು. ಸೋರಿಕೆಯ ಬ್ರೇಕರಾದರೋ ಇದರ ಮುನ್ನೂರನೆಯ ಒಂದು ಭಾಗಕ್ಕೂ ಕಡಿಯತಕ್ಕದ್ದು. ಆದುದರಿಂದ ಸಿಡಿಲಿನ ಕಿರುಕುಳಕ್ಕಾಗಿ ಅದನ್ನು ತೆಗೆದ ಮನೆಯಲ್ಲಿ, ಅದರಲ್ಲಿಯೂ ಅರ್ತ್ ಕೆಟ್ಟ ಹಳೆಯ ನಿವೇಶನದಲ್ಲಿ, ಕಾಯುವುದು ಯಾವುದೂ ಉಳಿಯುವುದಿಲ್ಲ. ರಿಖ್‌ಮನ್ನನ ಸಲಾಕೆಯ ಸ್ಥಿತಿಯು ಅದೇ.

ಕಿರುಕುಳವೂ ಸುಳ್ಳಲ್ಲ. ಮಕ್ಕಳು ದೂರದೇಶದಲ್ಲಿದ್ದು ವೃದ್ಧರು ಮಾತ್ರ ಇರುವ ಮನೆಗಳು ಜಯನಗರದಲ್ಲಿ ಬಹಳ. ಉಸಿರಾಟಕ್ಕೆ ಯಂತ್ರವನ್ನು ಅವಲಂಬಿಸಿದವರ ಮನೆಯಲ್ಲಿ ನಡುರಾತ್ರಿ ಕಡ್ಡಿಯು ಬಿದ್ದರೆ ಅದನ್ನೆತ್ತುವವರು ಯಾರು? ಬೀಗ ಹಾಕಿ ಯಾತ್ರೆಗೆ ಹೋದವರ ತಂಪುಪೆಟ್ಟಿಗೆಯಲ್ಲಿದ್ದುದು ಹಾಳಾಗುವುದಂತೂ ನಿಶ್ಚಯ. ಇದಕ್ಕೆ ಪರಿಹಾರವು ತೆಗೆಸುವುದಲ್ಲ, ವಿಭಾಗಿಸುವುದು: ಮನೆಗೆಲ್ಲ ಒಂದೇ ಬ್ರೇಕರನ್ನಿಡದೆ ಕವಲಿಗೊಂದರಂತೆ ಇಟ್ಟರೆ ಒಂದು ಬಿದ್ದರೂ ಉಳಿದುವು ನಿಲ್ಲುವುವು, ಪ್ರತಿಯೊಂದಕ್ಕೂ ಸೇರುವ ನಿತ್ಯದ ಸೋರಿಕೆಯೂ ಕಡಿಮೆಯಾಗುವುದರಿಂದ ಬೀಳುವುದೇ ವಿರಳವಾಗುವುದು. ಅಲೆಯನ್ನು ಭೂಮಿಗಿಳಿಸುವ ಸರ್ಜ್‌ರಕ್ಷಕವನ್ನು ಹಾಕುವವರು ಅದನ್ನು ಸೋರಿಕೆಯ ಬ್ರೇಕರಿಗಿಂತ ಮುಂಚೆ, ಬೀದಿಯ ಕಡೆಗೆ, ಇಡಬೇಕು. ಹಿಂದೆ ಇಟ್ಟರೆ ಅದು ಇಳಿಸುವ ಪ್ರವಾಹವೆಲ್ಲವೂ ಬ್ರೇಕರಿನ ಲೆಕ್ಕದಲ್ಲಿ ಸೋರಿಕೆಯಾಗಿ ತೋರಿ ರೋಗವು ಹೆಚ್ಚುವುದು. ಹೀಗೆ ತಪ್ಪಾಗಿ ಜೋಡಿಸಿ ಸರ್ಜ್‌ರಕ್ಷಕವನ್ನೇ ದೂಷಿಸುವುದುಂಟು. ಸಿಡಿಲಿಲ್ಲದ ದಿನದಲ್ಲಿಯೂ ಕಡ್ಡಿಯು ಬೀಳುತ್ತಿದ್ದರೆ ಅಥವಾ ಎತ್ತಿದರೂ ನಿಲ್ಲದಿದ್ದರೆ ಅದು ಮೇಘದ ಕೆಲಸವಲ್ಲ, ಮನೆಯಲ್ಲಿ ನಿಜವಾದ ಸೋರಿಕೆಯೇ ಇದೆ. ಬ್ರೇಕರಿನ ಮೇಲಿರುವ ‘ಟಿ’ ಎಂಬ ಗುಬ್ಬಿಯನ್ನು ಆಗಾಗ ಒತ್ತಿ ಅದು ಬೀಳುವುದೋ ಇಲ್ಲವೋ ಪರೀಕ್ಷಿಸುವವರು ನಮ್ಮ ಬಡಾವಣೆಗಳಲ್ಲಿ ಅತಿ ವಿರಳ.

ತಂತಿಗಳನ್ನು ನೆಲದೊಳಗೆ ಇಳಿಸುವ ಕೆಲಸವು ನಗರದ ಅನೇಕ ಭಾಗಗಳಲ್ಲಿ ನಡೆದಿದೆ. ಭೂಗತವಾದ ತಂತಿಗೆ ಮರದ ಕೊಂಬೆಯ ಭಯವಿಲ್ಲ, ಸಿಡಿಲಿನ ಅಲೆಯೂ ಕಡಿಮೆ. ಆದರೆ ಮನೆಯ ತಾರಸಿಯಿಂದ ತಾರಸಿಗೆ ಎಳೆದಿರುವ ಕೇಬಲ್ಲುಗಳ ಮೂಲಕವೂ, ತಾರಸಿಯ ಮೇಲಿನ ಸೌರಫಲಕಗಳ ಮೂಲಕವೂ ಅಲೆಯು ಬರಬಲ್ಲುದು. ಮೂರನೆಯ ನಾಲ್ಕನೆಯ ಬ್ಲಾಕುಗಳ ಹಳೆಯ ನಿವೇಶನಗಳಲ್ಲಿ ಅಂತಸ್ತುಗಳನ್ನು ಎತ್ತುವವರು ಹೊಸ ತಂತಿ, ಹೊಸ ಪೆಟ್ಟಿಗೆ, ಹೊಸ ಮೀಟರುಗಳೆಲ್ಲವನ್ನೂ ಹಾಕಿಸಿ, ಅವೆಲ್ಲಕ್ಕೂ ಆಧಾರವಾದ ಭೂಮಿಯ ಸಂಬಂಧವನ್ನು ಮಾತ್ರ ಹಿಂದಿನ ತಲೆಮಾರಿನವರು ತೋಡಿಸಿದ ಗುಂಡಿಗೇ ಸೇರಿಸಿಬಿಡುವುದುಂಟು. ಆ ಗುಂಡಿಯು ಎಲ್ಲಿದೆಯೆಂಬುದು ಮನೆಯವರಿಗೆ ತಿಳಿದಿರುವುದಿಲ್ಲ. ಹುಡುಕಿದರೆ ಕಾರು ನಿಲ್ಲಿಸುವ ಜಾಗದ ಹಾಸುಗಲ್ಲಿನ ಕೆಳಗೆ, ತುಕ್ಕು ಹಿಡಿದ ಕೊಳವೆಯ ಬಾಯಿಯೊಂದು ದೊರೆಯುವುದು.